ಹೃದಯ ನಿಂತು ಬದುಕಿದವರಲ್ಲಿ ಟ್ರೋಪೋನಿನ್ ಜಾಸ್ತಿ ಬಂದರೆ ಹಾರ್ಟ್ ಅಟ್ಯಾಕ್ ಆಗಿದೆ ಎಂದೇ ಅರ್ಥವೇ?

ನಿಮ್ಮ ತಂದೆಯವರ ಹೃದಯ ದಿಢೀರ್ ನಿಂತು, ಸಿಪಿಆರ್ ಮಾಡಿ, ಶಾಕ್ ಕೊಟ್ಟು ಉಳಿಸಿಕೊಂಡರು ಎಂದು ಬರೆದಿದ್ದೀರಿ. ಟ್ರೋಪೋನಿನ್ ಅಷ್ಟೊಂದು ಏರಿದ್ದರೂ ಕೂಡಲೇ ಆಂಜಿಯೋಗ್ರಾಂ (ಹೃದಯದ ರಕ್ತನಾಳ ಕಟ್ಟಿದೆಯೇ ಎಂದು ಚಿತ್ರ ತೆಗೆದು ನೋಡುವುದು) ಯಾಕೆ ಮಾಡಲಿಲ್ಲ ಎಂಬುದು ನಿಮ್ಮ ಪ್ರಶ್ನೆ. ಐಸಿಯುನಲ್ಲಿ ಕೆಲಸ ಮಾಡುವ ನನ್ನನ್ನು ರೋಗಿಗಳ ಮನೆಯವರು ಪದೇ ಪದೇ ಕೇಳುವುದೂ ಇದನ್ನೇ.

ಟ್ರೋಪೋನಿನ್ ಹೃದಯದ ಸ್ನಾಯುಕೋಶದೊಳಗೆ ಇರುವ ಪ್ರೋಟೀನು. ಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತದೆ. ಪೆಟ್ಟಾಗಿದೆ ಎಂದಷ್ಟೇ ಅದು ತಿಳಿಸುತ್ತದೆ, ಕಾರಣ ತಿಳಿಸುವುದಿಲ್ಲ. ರಕ್ತನಾಳ ಕಟ್ಟಿಕೊಂಡಾಗ ಏರುವುದು ನಿಜ. ಆದರೆ ಹೃದಯ ನಿಂತಿದ್ದ ನಿಮಿಷಗಳಲ್ಲಿ ಅದರ ಸ್ನಾಯುವಿಗೇ ರಕ್ತ ಸಿಕ್ಕಿರುವುದಿಲ್ಲ. ಮೇಲೆ ಎದೆ ಒತ್ತಿರುತ್ತಾರೆ, ಶಾಕ್ ಕೊಟ್ಟಿರುತ್ತಾರೆ, ಅಡ್ರಿನಲಿನ್ ಹಾಕಿರುತ್ತಾರೆ. ಇವೆಲ್ಲದರಿಂದಲೂ ಏರುತ್ತದೆ. ಹಾಗಾಗಿ ಹೀಗೆ ಬದುಕಿ ಬಂದ ಬಹುತೇಕರಲ್ಲಿ ಅದು ಹೆಚ್ಚೇ ಇರುತ್ತದೆ.

ಒಂದೇ ರಿಪೋರ್ಟ್ ಹಿಡಿದು ಕೂರಬೇಡಿ. ಟ್ರೋಪೋನಿನ್ ಏರಲು ಕೆಲವು ಗಂಟೆ ಬೇಕು, ಸಾಮಾನ್ಯವಾಗಿ 12ರಿಂದ 24 ಗಂಟೆಯ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟುತ್ತದೆ, ಪೂರ್ತಿ ಇಳಿಯಲು ವಾರ ದಾಟಬಹುದು. ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುವುದು ಅದಕ್ಕೇ. ಸಿಕೆ-ಎಂಬಿ ಎಂಬ ಹಳೆಯ ಪರೀಕ್ಷೆಯನ್ನು ನಾನು ಇಂಥವರಲ್ಲಿ ಅಷ್ಟಾಗಿ ನಂಬುವುದಿಲ್ಲ. ಎದೆ ಒತ್ತಿದಾಗ ಜಜ್ಜಿದ ಮೈಸ್ನಾಯುವಿನಿಂದಲೂ ಅದು ಬರುತ್ತದೆ.

ತಕ್ಷಣ ಆಂಜಿಯೋಗ್ರಾಂ ಬೇಕೇ ಎಂಬುದನ್ನು ಮುಖ್ಯವಾಗಿ ಇಸಿಜಿ ನೋಡಿ ನಿರ್ಧರಿಸುತ್ತಾರೆ. ಎಸ್‌ಟಿ ಭಾಗ ಎಂಬ ಇಸಿಜಿ ಗೆರೆಯ ತುಣುಕು ಮೇಲೆದ್ದಿದ್ದರೆ ರಕ್ತನಾಳ ಕಟ್ಟಿರುವ ಸೂಚನೆ, ತಡಮಾಡುವಂತಿಲ್ಲ. (ಹೃದಯ ಮರಳಿ ಬಡಿಯತೊಡಗಿದ ಮೊದಲ ಏಳೆಂಟು ನಿಮಿಷದ ಇಸಿಜಿ ದಾರಿ ತಪ್ಪಿಸಬಹುದು, ಆಮೇಲೆ ಇನ್ನೊಂದು ತೆಗೆಯಬೇಕು.) ಎಸ್‌ಟಿ ಮೇಲೇಳದ ರೋಗಿಗಳ ಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಕೋಆಕ್ಟ್ ಅಧ್ಯಯನ 2019ರಲ್ಲಿ, ಟೊಮಾಹಾಕ್ ಎಂಬ ಇನ್ನೊಂದು 2021ರಲ್ಲಿ ಪ್ರಕಟವಾದವು. ತಕ್ಷಣ ಆಂಜಿಯೋಗ್ರಾಂ ಮಾಡಿದವರು ಹೆಚ್ಚು ಬದುಕಿದರು ಎಂದು ಎರಡರಲ್ಲೂ ಕಾಣಲಿಲ್ಲ. ಆದರೆ ಬಿಪಿ ನಿಲ್ಲದಿದ್ದರೆ, ಹೃದಯದ ಲಯ ಮತ್ತೆ ಮತ್ತೆ ಕೆಡುತ್ತಿದ್ದರೆ ಲೆಕ್ಕ ಬೇರೆ.

ನಿಮ್ಮ ಡಾಕ್ಟರನ್ನು ಎರಡನೇ ಇಸಿಜಿ ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್) ಏನು ತೋರಿಸಿದವು, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿತ್ತು (ಅದು ಏರುಪೇರಾದರೂ ಹೃದಯ ನಿಲ್ಲಬಹುದು), ಆಂಜಿಯೋಗ್ರಾಂ ಯಾವಾಗ ಯೋಚಿಸಿದ್ದಾರೆ ಎಂದು ಕೇಳಿ. ತಂದೆಯವರಿಗೆ ಇನ್ನೂ ಎಚ್ಚರ ಬಂದಿಲ್ಲ ಎಂದಿದ್ದೀರಲ್ಲ, ಮಿದುಳಿನ ಸ್ಥಿತಿ ಟ್ರೋಪೋನಿನ್‌ನಿಂದ ತಿಳಿಯುವುದಿಲ್ಲ. ಅದಕ್ಕೆ ಎನ್‌ಎಸ್‌ಇ ಎಂಬ ಬೇರೆ ರಕ್ತಪರೀಕ್ಷೆಯಿದೆ. 48 ಮತ್ತು 72 ಗಂಟೆಗೆ ಮಾಡಿಸಿ, ನರಪರೀಕ್ಷೆ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಸ್ಕ್ಯಾನ್‌ಗಳ ಜೊತೆಗಿಟ್ಟು ನೋಡುತ್ತಾರೆ.