ಮಾತ್ರೆ ತಪ್ಪಿಲ್ಲ, ಬಿ.ಪಿ. ಇಳಿದಿಲ್ಲ

ಪ್ರಶ್ನೆ: ಅಪ್ಪನಿಗೆ 68 ವರ್ಷ. ಸಕ್ಕರೆ ಕಾಯಿಲೆಯಿದೆ, ಕಿಡ್ನಿಯೂ ಸೊರಗಿದೆ. ದಿನಾ ಬಿ.ಪಿ. ಮಾತ್ರೆ ಟೆಲ್ಮಿಸಾರ್ಟನ್ ತೆಗೆದುಕೊಂಡರೂ ಬಿ.ಪಿ. 160/90. ಕಾಫಿ ತೋಟದಿಂದ ಬಂದವರೇ ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ. ಏನು ಮಾಡಲಿ?
— ಓದುಗರು, ನಾಪೋಕ್ಲು

ಉತ್ತರ: ನಮ್ಮ ಅನುಮಾನ ಆ ನೋವಿನ ಮಾತ್ರೆಯ ಮೇಲೇ. ಅದು ಉಪ್ಪು, ನೀರನ್ನು ಮೈಯಲ್ಲೇ ಉಳಿಸಿ ಟೆಲ್ಮಿಸಾರ್ಟನ್ ಪರಿಣಾಮವನ್ನು ಕುಗ್ಗಿಸುತ್ತದೆ, ಕಿಡ್ನಿಗೂ ಪೆಟ್ಟು. ಬದಲಿಗೆ ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದೆಂದು ವೈದ್ಯರನ್ನು ಕೇಳಿ. ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ದಿನದ ಉಪ್ಪು 5 ಗ್ರಾಂ ಒಳಗಿರಲಿ (ಹಂದಿ ಉಪ್ಪಿನಕಾಯಿಯೂ ಈ ಲೆಕ್ಕಕ್ಕೇ!). ‘ಕಡಿಮೆ ಸೋಡಿಯಂ’ ಉಪ್ಪು ಬೇಡ. ಸೋಡಿಯಂ ಬದಲು ಅದರಲ್ಲಿರುವ ಪೊಟ್ಯಾಸಿಯಂ, ಕಿಡ್ನಿ ಸೊರಗಿದವರ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಕೆಟ್ಟೀತು. ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮುಂಚೆ, 5 ನಿಮಿಷ ಸುಮ್ಮನೆ ಕೂರಿಸಿ, ನಿಮಿಷ ಬಿಟ್ಟು ಎರಡು ಸಲ ಬಿ.ಪಿ. ನೋಡಿ ಬರೆದಿಡಿ. ಆ ಚೀಟಿಯೊಂದಿಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆಯೆಂದು ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ ವರದಿಯನ್ನೂ ವೈದ್ಯರಿಗೆ ತೋರಿಸಿ.