ಕಂಪನಿ ದುಡ್ಡು ಹಾಕಿರುವ ಪ್ರಾಜೆಕ್ಟ್‌ನಲ್ಲಿ ಪಿಎಚ್‌ಡಿ ಮಾಡಬಹುದಾ?

ಮೆಕ್ಯಾನಿಕಲ್‌ನಲ್ಲಿ ಎಂಟೆಕ್ ಮುಗಿಸಿದ್ದೀರಿ. ಏರೋಸ್ಪೇಸ್ ವಿಭಾಗದ ಗೈಡ್ ಒಬ್ಬರು ಕರೆದಿದ್ದಾರೆ, ಪ್ರಾಜೆಕ್ಟ್‌ಗೆ ದುಡ್ಡು ಹಾಕಿರುವುದು ವಿಮಾನದ ಭಾಗ ತಯಾರಿಸುವ ಕಂಪನಿ. ಇದು ನಿಜವಾದ ಸಂಶೋಧನೆಯಾ, ಇಲ್ಲಾ ಕಂಪನಿ ಕೆಲಸವನ್ನು ಕಡಿಮೆ ಸಂಬಳಕ್ಕೆ ಮಾಡಿಕೊಡೋದಾ ಅಂತ ಕೇಳಿದ್ದೀರಿ. ನಾನು ಅಂಥದೇ ಪ್ರಾಜೆಕ್ಟ್‌ನಲ್ಲಿ ಪಿಎಚ್‌ಡಿ ಮಾಡಿದವನು. ಸೇರಿ ಅಂತಲೇ ಹೇಳುತ್ತೇನೆ. ಆದರೆ ಕಂಪನಿ ಬರೀ ದುಡ್ಡು ಕೊಡುತ್ತಿದೆಯಾ, ಪ್ರಶ್ನೆಯನ್ನೂ ಕೊಡುತ್ತಿದೆಯಾ ಅನ್ನೋದನ್ನು ಮೊದಲು ನೋಡಿಕೊಳ್ಳಿ.

ನನ್ನ ವಿಷಯ ಕಾರ್ಬನ್ ಫೈಬರ್ ಕಾಂಪೋಸಿಟ್, ಅಂದರೆ ಕಾರ್ಬನ್ ಎಳೆಗಳ ತೆಳು ಪದರಗಳನ್ನು ರಾಳದಿಂದ ಒಂದರ ಮೇಲೊಂದು ಅಂಟಿಸಿ ಮಾಡಿದ ವಸ್ತು. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಇದೇ. ನಮ್ಮ ತೇಜಸ್ ಯುದ್ಧವಿಮಾನದಲ್ಲೂ ಇದು ಬಹಳಷ್ಟಿದೆ. ಅಲ್ಯೂಮಿನಿಯಂಗೆ ಏನಾದರೂ ಬಡಿದರೆ ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಾಂಪೋಸಿಟ್ ಹಾಗಲ್ಲ. ಮೇಲೆ ಏನೂ ಆಗದ ಹಾಗೆ ಇರುತ್ತದೆ, ಒಳಗೆ ಪದರಗಳು ಒಂದರಿಂದ ಒಂದು ಬಿಟ್ಟುಕೊಂಡಿರುತ್ತವೆ.

ಲ್ಯಾಬ್‌ನಲ್ಲಿ ಇದಕ್ಕೊಂದು ಟೆಸ್ಟ್ ಇದೆ. 150 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ತುಂಡು, ಅದಕ್ಕೆ ಕೂಪನ್ ಅನ್ನುತ್ತೇವೆ. ಅದನ್ನು ಚೌಕಟ್ಟಿನ ಮೇಲೆ ಬಿಗಿದು, ಗುಂಡು ಮೂತಿಯ 5.5 ಕೆ.ಜಿ. ತೂಕವನ್ನು ಅರ್ಧ ಮೀಟರ್ ಎತ್ತರದಿಂದ ಬಿಡಬೇಕು. ಮೊದಲ ಸಲ ಬಿಟ್ಟಾಗ ನನಗೆ ಗುರುತೇ ಕಾಣಲಿಲ್ಲ. ಹೆಬ್ಬೆರಳು ಆಡಿಸಿದ ಮೇಲೆ ಸಣ್ಣ ತಗ್ಗು ಸಿಕ್ಕಿತು. ನಮ್ಮ ಟೆಕ್ನಿಷಿಯನ್ ಜೇಬಿಂದ ನಾಣ್ಯ ತೆಗೆದು ತಟ್ಟಿದರು. ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುತ್ತೇವಲ್ಲ, ಥೇಟ್ ಹಾಗೆ. ಅಂಚಿನಲ್ಲಿ ಟಣ್ ಟಣ್ ಅಂದಿದ್ದು ನಡುವೆ ಬಂದಾಗ ದಬ್ ಅಂದಿತು. ಅಲ್ಟ್ರಾಸಾನಿಕ್ ಸ್ಕ್ಯಾನ್‌ಗೆ ಹಾಕಿದರೆ ಒಳಗೆ ಅಂಗೈ ನಡುವಿನಷ್ಟು ಜಾಗ ಬಿಟ್ಟುಕೊಂಡಿತ್ತು. ಅದೇ ಕೂಪನ್ನನ್ನು ಒತ್ತಿ ಮುರಿದಾಗ, ಪೆಟ್ಟು ತಿನ್ನದ ಕೂಪನ್‌ನ ಅರ್ಧದಷ್ಟೂ ಭಾರ ತಡೆಯಲಿಲ್ಲ.

ಒಂದು ವರ್ಷ ಹೀಗೇ ಚೊಕ್ಕವಾಗಿ ಕೂಪನ್ ಒಡೆಯುತ್ತಾ, ಗ್ರಾಫ್ ಹಾಕುತ್ತಾ ಕೂತಿದ್ದೆ. ಆಮೇಲೆ ರಿವ್ಯೂಗೆ ಕಂಪನಿಯಿಂದ ಹಿರಿಯ ಎಂಜಿನಿಯರ್ ಒಬ್ಬರು ಬಂದರು. ಸ್ಲೈಡ್‌ಗಳನ್ನೆಲ್ಲ ನೋಡಿ ಒಂದೇ ಮಾತು ಕೇಳಿದರು. ‘ಹ್ಯಾಂಗರ್‌ನಲ್ಲಿ ನಮ್ಮ ಹುಡುಗನ ಕೈಯಿಂದ ಸ್ಪ್ಯಾನರ್ ಜಾರಿದರೆ ಅದು ಯಾವಾಗಲೂ ಪ್ಯಾನೆಲ್ ನಡುವೆಯೇ ಬೀಳುತ್ತಾ? ಸ್ಟ್ರಿಂಗರ್ ಪಕ್ಕಕ್ಕೆ ಬಿದ್ದರೆ ಏನಪ್ಪಾ?’ ಪ್ಯಾನೆಲ್ ಅಂದರೆ ವಿಮಾನದ ಹೊರಮೈಯ ಹಲಗೆ. ಸ್ಟ್ರಿಂಗರ್ ಅಂದರೆ ಅದರ ಒಳಮೈಗೆ ಅಂಟಿಸಿದ ಉದ್ದನೆ ಪಟ್ಟಿ, ಹಂಚಿನ ಮನೆಗೆ ಜಂತೆ ಇದ್ದ ಹಾಗೆ. ಅಲ್ಲಿ ಪ್ಯಾನೆಲ್ ಬಾಗುವುದಿಲ್ಲ, ಹಾಗಾಗಿ ಪೆಟ್ಟಿನ ಶಕ್ತಿಯೆಲ್ಲ ಅಂಟಿನ ಮೇಲೆ ಬಂದು, ಪಟ್ಟಿಯೇ ಬಿಟ್ಟುಕೊಳ್ಳಬಹುದು. ನನ್ನ ಥೀಸಿಸ್ ಅವತ್ತಿಂದ ಬೇರೆಯಾಯಿತು. ತಪಾಸಣೆಯಲ್ಲಿ ರಿಜೆಕ್ಟ್ ಆದ ನಿಜವಾದ ಪ್ಯಾನೆಲ್‌ಗಳನ್ನು ಅವರೇ ಕಳಿಸಿಕೊಟ್ಟರು. ಅಷ್ಟು ದೊಡ್ಡ ಪ್ಯಾನೆಲ್ಲನ್ನು ಒತ್ತಡದಲ್ಲಿ ಬೇಯಿಸಿ ಗಟ್ಟಿ ಮಾಡುವ ಒಲೆ, ಅಂದರೆ ಆಟೋಕ್ಲೇವ್, ನಮ್ಮಲ್ಲಿ ಇರಲೇ ಇಲ್ಲ. ಆ ಮನುಷ್ಯರಿಗೆ ನಾನು ಇವತ್ತಿಗೂ ಋಣಿ.

ಬೆಂಗಳೂರಿಗೆ ಈ ಕೊಡು-ಕೊಳ್ಳುವಿಕೆ ಹೊಸದಲ್ಲ. ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಏರೋನಾಟಿಕಲ್ ವಿಭಾಗ ಬಂದಿದ್ದು 1942ರಲ್ಲಿ. ಅಲ್ಲಿ ಪಾಠ ಮಾಡುತ್ತಿದ್ದ ವಿ.ಎಂ. ಘಾಟಗೆ ಆಮೇಲೆ ಎಚ್‌ಎಎಲ್‌ಗೆ ಹೋಗಿ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ಮಾಡಿದರು. ಅದು 1951ರಲ್ಲಿ ಹಾರಿತು. ಹೊರಗಡೆ ನೋಡಿದರೆ, ರೋಲ್ಸ್-ರಾಯ್ಸ್ 1990ರಿಂದ ವಿಶ್ವವಿದ್ಯಾಲಯಗಳ ಒಳಗೇ ತನ್ನ ಸೆಂಟರ್‌ಗಳನ್ನು ನಡೆಸುತ್ತಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎಂಜಿನ್ ಬ್ಲೇಡ್‌ಗಳ ನಡುಕದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಒಂದೇ ಪ್ರಶ್ನೆಯ ಹಿಂದೆ ಹೀಗೆ ಬಿದ್ದರೆ ಒಳ್ಳೆ ಕೆಲಸ ಬರುತ್ತದೆ. ಆರಾರು ತಿಂಗಳ ಚಿಲ್ಲರೆ ಪ್ರಾಜೆಕ್ಟ್‌ಗಳಲ್ಲಿ ಬರುವುದು ಟೆಸ್ಟ್ ರಿಪೋರ್ಟ್ ಅಷ್ಟೇ.

ಇನ್ನು ಕಷ್ಟದ ಮಾತು. ನನ್ನ ಎರಡನೇ ಪೇಪರ್ ಕಂಪನಿಯ ಒಪ್ಪಿಗೆಗೆ ಹೋಗಿ ಏಳು ತಿಂಗಳು ಅಲ್ಲೇ ಕೂತಿತ್ತು. ಕೊನೆಗೆ ಒಪ್ಪಿದರು, ಆದರೆ ಪದರಗಳ ಜೋಡಣೆಯ ಕ್ರಮ ತೆಗೆಯಬೇಕಾಯಿತು, ಗ್ರಾಫ್‌ನಲ್ಲಿ ನಿಜವಾದ ಅಂಕಿ ಬದಲು ಅನುಪಾತ ಹಾಕಬೇಕಾಯಿತು. ನನಗೆ ಬಹಳ ನೋವಾಗಿತ್ತು. ಅಗ್ರಿಮೆಂಟ್‌ನಲ್ಲಿ ‘ಇಷ್ಟು ದಿನದೊಳಗೆ ಉತ್ತರ ಕೊಡದಿದ್ದರೆ ಒಪ್ಪಿದಂತೆ’ ಅಂತ ಒಂದು ಸಾಲು ಇದ್ದಿದ್ದರೆ ಇದು ತಪ್ಪುತ್ತಿತ್ತು. ನೀವು ಆ ಸಾಲು ಇದೆಯಾ ಅಂತ ಗೈಡ್ ಹತ್ತಿರ ನೇರವಾಗಿ ಕೇಳಿ. ಥೀಸಿಸ್ ಬಹಿರಂಗವಾಗಿ ಡಿಫೆಂಡ್ ಮಾಡಬಹುದಾ ಅನ್ನೋದೂ ಕಾಗದದ ಮೇಲೆ ಇರಲಿ, ಬಾಯಿಮಾತು ಸಾಲದು.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತದೆ, ಪಿಎಚ್‌ಡಿ ಐದು ವರ್ಷ ಹಿಡಿಯುತ್ತದೆ. ಉಳಿದ ಎರಡು ವರ್ಷ ಫೆಲೋಶಿಪ್ ಎಲ್ಲಿಂದ ಬರುತ್ತದೆ? ಕೇಂದ್ರ ಸರ್ಕಾರದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಗೇಟ್ ಅಥವಾ ನೆಟ್ ಬರೆದು ಅಂಥ ಫೆಲೋಶಿಪ್ ನಿಮ್ಮ ಕೈಯಲ್ಲೇ ಇದ್ದರೆ ಕಂಪನಿ ಹಿಂದೆ ಸರಿದರೂ ಮನೆ ಬಾಡಿಗೆ ನಿಲ್ಲುವುದಿಲ್ಲ. ಈಗಾಗಲೇ ಕೆಲಸದಲ್ಲಿರುವ ಸ್ನೇಹಿತರಿದ್ದರೆ ಅವರಿಗೆ ಐಐಎಸ್‌ಸಿಯ ಎಕ್ಸ್‌ಟರ್ನಲ್ ರಿಜಿಸ್ಟ್ರೇಶನ್ ದಾರಿಯೂ ಇದೆ, ಕೆಲಸ ಬಿಡದೆ ಪಿಎಚ್‌ಡಿ ಮಾಡಬಹುದು.

ಒಪ್ಪಿಕೊಳ್ಳುವ ಮೊದಲು ಒಂದು ದಿನ ಆ ಲ್ಯಾಬ್‌ಗೆ ಹೋಗಿ. ಅಲ್ಲಿರುವ ಸೀನಿಯರ್ ಸ್ಕಾಲರ್ ಒಬ್ಬರನ್ನು ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ ಎರಡು ವಿಷಯ ಕೇಳಿ. ಕಂಪನಿಯವರು ಕೊನೆ ಸಲ ಲ್ಯಾಬ್ ಒಳಗೆ ಬಂದಿದ್ದು ಯಾವಾಗ? ಬಂದಾಗ ಏನು ಕೇಳಿದರು? ಮೂರು ತಿಂಗಳಿಗೊಮ್ಮೆ ಪಿಪಿಟಿ ಕಳಿಸುತ್ತೇವೆ ಅಷ್ಟೇ ಅಂದರೆ ಸ್ವಲ್ಪ ಯೋಚನೆ ಮಾಡಿ. ‘ಬಂದವರು ನಾವು ಕೂಪನ್ ಬಿಗಿಯುವ ಚೌಕಟ್ಟು ನೋಡಿ ಬೈದು ಹೋದರು’ ಅಂದರೆ ಮಾರನೇ ದಿನವೇ ಸೇರಿಕೊಳ್ಳಿ.