‘ಪಿಪಿಟಿ ನೀನು ಮಾಡಿಬಿಡು’ ಅಂದಿದ್ದಾರೆ ಮೇಡಂ!

ಪ್ರಶ್ನೆ: ನಾನು ಬಿ.ಇ. ಮೊದಲ ವರ್ಷದಲ್ಲಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಡಿಸೈನ್ ಥಿಂಕಿಂಗ್ ವಿಷಯಕ್ಕೆ ನಾಲ್ಕು ಜನರ ತಂಡ ಮಾಡಿದ್ದಾರೆ. ಹಾಸ್ಟೆಲ್‌ನ ನೀರಿನ ಟ್ಯಾಂಕ್ ತುಂಬಿದಾಗ ಬಝರ್ ಹೊಡೆಯುವ ಸಾಧನ ನಮ್ಮ ಪ್ರಾಜೆಕ್ಟ್. ಇಬ್ಬರು ಪಟಪಟ ಇಂಗ್ಲಿಷ್ ಮಾತಾಡುತ್ತಾರೆ, ಎಲ್ಲ ತೀರ್ಮಾನ ಅವರದೇ. ಇನ್ನೊಬ್ಬ ಮೀಟಿಂಗ್‌ಗೇ ಬರುವುದಿಲ್ಲ. ನನ್ನ ಪಾಲಿಗೆ ಬಂದಿರುವುದು ಪಿಪಿಟಿ ಮಾತ್ರ. ಟೀಮ್‌ವರ್ಕ್ ಅಂದರೆ ಇದೇನಾ? ನಾನು ಕಲಿಯುವುದು ಯಾವಾಗ?
– ಎಂ., ಚಿತ್ರದುರ್ಗ

ಉತ್ತರ: ನೀನು ಅಂತಲೇ ಬರೆಯುತ್ತೇನಪ್ಪಾ, ನನ್ನ ಕ್ಲಾಸಿನ ಮಕ್ಕಳನ್ನೂ ಹಾಗೇ ಕರೆಯುವುದು. ಮೊದಲು ಇದನ್ನು ಹೇಳು. ನಿಮ್ಮ ನಾಲ್ವರಲ್ಲಿ ಯಾರಾದರೂ ಮಹಡಿ ಹತ್ತಿ ಆ ಟ್ಯಾಂಕ್ ನೋಡಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ!

ನೋಡಿಲ್ಲ ಅಂದರೆ ನಿನಗೆ ಕೆಲಸ ಸಿಕ್ಕಿತು ಅಂತಲೇ ಲೆಕ್ಕ. ಹಾಸ್ಟೆಲ್‌ನಲ್ಲಿ ಮೋಟಾರ್ ಹಾಕುವವರು ಯಾರು? ವಾಚ್‌ಮನ್ ಇರಬಹುದು, ಪ್ಲಂಬರ್ ಇರಬಹುದು. ಒಂದು ಸಂಜೆ ಅವರ ಜೊತೆ ಕೂತು ಮಾತಾಡು. ಈ ಕೆಲಸಕ್ಕೆ ನಿನ್ನ ಗೆಳೆಯರ ಇಂಗ್ಲಿಷ್ ಉಪಯೋಗಕ್ಕೆ ಬರುವುದಿಲ್ಲ. ‘ಅಣ್ಣಾ, ಊಟ ಆಯ್ತಾ?’ ಅಂತ ನೀನು ಶುರು ಮಾಡಿದರೆ ಸಾಕು. ಎಷ್ಟು ಹೊತ್ತಿಗೆ ಮೋಟಾರ್ ಹಾಕುತ್ತೀರಿ, ತುಂಬಿದ್ದು ಹೇಗೆ ಗೊತ್ತಾಗುತ್ತದೆ, ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳು. ‘ಮೇಲಿಂದ ನೀರು ಸುರಿಯೋ ಸದ್ದು ಬರುತ್ತಲ್ಲ, ಆಗ ಆಫ್ ಮಾಡ್ತೀನಿ’ ಅನ್ನಬಹುದು. ಹಾಗಾದರೆ ಅವರ ಹತ್ತಿರ ಆಗಲೇ ಒಂದು ಬಝರ್ ಇದೆ ಅಂತಾಯಿತು! ಅವರ ನಿಜವಾದ ತಲೆನೋವು ಬೇರೆಯೇ ಇರಬಹುದು. ಕೆಳಗಿನ ಸಂಪ್ ಖಾಲಿಯಾಗಿದ್ದು ಗೊತ್ತಾಗದೆ ಪಂಪ್ ಒಣಗಿಯೇ ಓಡಿ ಸುಟ್ಟುಹೋಗುವುದು, ಉದಾಹರಣೆಗೆ. ಬಝರ್ ಎಲ್ಲಿರಬೇಕು ಅನ್ನುವುದೂ ಅವರನ್ನೇ ಕೇಳಬೇಕಾದ ಪ್ರಶ್ನೆ. ಟ್ಯಾಂಕ್ ಪಕ್ಕದಲ್ಲೇ ಇಟ್ಟರೆ ಅದನ್ನು ಕೇಳುವುದು ಕಾಗೆಗಳು ಮಾತ್ರ.

ಡಿಸೈನ್ ಅನ್ನುವುದು ಇಲ್ಲಿಂದ ಶುರುವಾಗುತ್ತದೆ, ಲ್ಯಾಪ್‌ಟಾಪ್‌ನಿಂದ ಅಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅನ್ನುವ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಅದರ ಉದ್ದೇಶ. ಆ ತಂಡ ತುಮಕೂರು ಜಿಲ್ಲೆಯ ಉಂಗ್ರ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಇಂಧನ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿತು. ಮುಖ್ಯ ಖರ್ಚು ಅಡುಗೆಯ ಸೌದೆ ಅಂತ ಗೊತ್ತಾಯಿತು. ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಹೊಗೆ ಚಿಮಣಿಯಿಂದ ಆಚೆ ಹೋಗುವ ಅಸ್ತ್ರ ಒಲೆ ಬಂದದ್ದು ಅದಾದ ಮೇಲೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡು, ಹೆಸರು ಕೇಳಿದ್ದರೂ ಕೇಳಿರಬಹುದು.

ಈಗ ತಂಡದ ವಿಷಯ. ನಾನು ಪಾಠ ಮಾಡಲು ಬರುವ ಮೊದಲು ಪೀಣ್ಯದಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್ ರೂಮ್ ಒಂದರಲ್ಲಿ ಡ್ರಾಯಿಂಗ್ ವಿಭಾಗದಲ್ಲಿದ್ದೆ. ಅಲ್ಲಿ ಒಂದು ಸಲ ಬಾಕ್ಸ್ ಒಬ್ಬರು ಮಾಡಿದರು, ಅದರ ಮುಚ್ಚಳ ಇನ್ನೊಬ್ಬರು ಮಾಡಿದರು. ಎರಡರಲ್ಲೂ ನಾಲ್ಕು ಸ್ಕ್ರೂ ರಂಧ್ರ. ಒಬ್ಬರು ಎಡ ಅಂಚಿನಿಂದ ಅಳೆದಿದ್ದರು, ಇನ್ನೊಬ್ಬರು ಬಲ ಅಂಚಿನಿಂದ. ಮುಚ್ಚಳ ಬಾಕ್ಸ್‌ಗಿಂತ ಕೂದಲೆಳೆಯಷ್ಟು ಉದ್ದ ಇತ್ತು. ಇಬ್ಬರ ಡ್ರಾಯಿಂಗೂ ಸರಿ, ಇಬ್ಬರ ಕೆಲಸವೂ ಅಚ್ಚುಕಟ್ಟು. ಸ್ಕ್ರೂ ಮಾತ್ರ ಕೂರಲಿಲ್ಲ. ತಂಡದ ಕೆಲಸ ಸಾಮಾನ್ಯವಾಗಿ ಕೆಡುವುದು ಹೀಗೇ. ಯಾರದೋ ಕೆಲಸದ ಒಳಗೆ ತಪ್ಪಿರುವುದಿಲ್ಲ, ಒಬ್ಬರ ಕೆಲಸ ಇನ್ನೊಬ್ಬರದಕ್ಕೆ ತಾಗುವ ಜಾಗದಲ್ಲಿ ಇರುತ್ತದೆ. ಆ ಜಾಗಕ್ಕೆ ಒಬ್ಬ ಯಜಮಾನ ಬೇಕು. ನಿಮ್ಮ ತಂಡದಲ್ಲಿ ಅದು ನೀನೇ ಆಗು.

ಹೇಗೆ ಅಂತೀಯಾ? ನಿಮ್ಮ ಪ್ರಾಜೆಕ್ಟನ್ನೇ ತಗೋ. ಒಬ್ಬ ವೈಫೈ ಇರಲಿ ಅಂತ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ತರುತ್ತಾನೆ. ಇನ್ನೊಬ್ಬ ಅಗ್ಗಕ್ಕೆ ಸಿಗುತ್ತದೆ ಅಂತ, ಸದ್ದಿನ ಅಲೆ ಕಳಿಸಿ ನೀರು ಎಷ್ಟು ದೂರದಲ್ಲಿದೆ ಅಂತ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ತರುತ್ತಾನೆ. ಎರಡೂ ಒಳ್ಳೆಯವೇ. ಆದರೆ ಆ ಸೆನ್ಸರ್‌ನ ಎಕೋ ಪಿನ್ (ಅಳತೆಯ ಸಂಕೇತ ಹೊರಬರುವ ಕಡ್ಡಿ) ಹೊರಗೆ ಕಳಿಸುವುದು 5 ವೋಲ್ಟ್, ಬೋರ್ಡ್‌ನ ಪಿನ್ ಇರುವುದು 3.3 ವೋಲ್ಟ್‌ಗೆ. ನೇರ ಜೋಡಿಸಿದರೆ ಬೋರ್ಡ್ ಹಾಳಾಗಬಹುದು. ನಡುವೆ 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಹಂಚಿದರೆ 3.3ರ ಹತ್ತಿರಕ್ಕೆ ಇಳಿಯುತ್ತದೆ. ಪಿಯುಸಿಯಲ್ಲಿ ಓದಿದ ಓಮ್ ನಿಯಮ, ಅಷ್ಟೇ. ಇನ್ನು ಆ ಸೆನ್ಸರ್‌ಗೆ ನೀರಿನ ಆವಿ ಆಗಿಬರುವುದಿಲ್ಲ. ವಾಟರ್‌ಪ್ರೂಫ್ ಜಾತಿಯದು ತಂದರೆ ಅದಕ್ಕೆ ಸುಮಾರು 20 ಸೆಂ.ಮೀ.ಗಿಂತ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ನೀರು ತುಂಬಿ ನಿಲ್ಲುವ ಮಟ್ಟಕ್ಕಿಂತ ಅಷ್ಟು ಮೇಲೆ ಅದನ್ನು ಕೂರಿಸಬೇಕು. ಮುಚ್ಚಳದ ಕೆಳಗೆ ಅಷ್ಟು ಜಾಗ ಇದೆಯಾ? ಸೆನ್ಸರ್ ಕೂರಿಸುವ ಡಬ್ಬಿ ಮಾಡುವವನಿಗೆ ಇದನ್ನು ಹೇಳಿದವರು ಯಾರು?

ಇಂಥವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆ. ನಡುವೆ ಟ್ಯಾಂಕ್, ಸೆನ್ಸರ್, ಬೋರ್ಡ್, ಬಝರ್‌ನ ಚಿತ್ರ ಹಾಕು. ಪೆನ್ಸಿಲ್ ಸ್ಕೆಚ್ ಸಾಕು, ಸಾಫ್ಟ್‌ವೇರ್ ಬೇಡ. ಒಂದು ಭಾಗ ಇನ್ನೊಂದಕ್ಕೆ ತಾಗುವ ಪ್ರತಿ ಕಡೆ ಅಳತೆ ಅಥವಾ ವೋಲ್ಟೇಜ್ ಬರೆ, ಪಕ್ಕದಲ್ಲಿ ಇಬ್ಬರ ಹೆಸರು ಮತ್ತು ತಾರೀಖು. ಸೆನ್ಸರ್ ಕೂರುವ ರಂಧ್ರದ ಅಳತೆಯನ್ನು ಅಂದಾಜಿನಲ್ಲಿ ಹಾಕಬೇಡ. ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ಇರುವುದು ಪರೀಕ್ಷೆಗೆ ಮಾತ್ರ ಅಲ್ಲವಲ್ಲ! ಆ ಹಾಳೆಯ ಫೋಟೋ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕು. ಮುಂದಿನ ಮೀಟಿಂಗ್‌ನಲ್ಲಿ ಮಾತು ಆ ಹಾಳೆಯ ಸುತ್ತಲೇ ನಡೆಯುತ್ತದೆ. ಹಾಳೆ ಯಾರ ಕೈಯಲ್ಲಿದೆಯೋ ಅವರನ್ನು ಬಿಟ್ಟು ತೀರ್ಮಾನ ಮಾಡುವುದು ಕಷ್ಟ. ಇದು ಸ್ವಲ್ಪ ಕಿಲಾಡಿ ಉಪಾಯ ಹೌದು, ಆದರೆ ಕೆಲಸದ ಉಪಾಯ.

ಒಂದು ಕಟ್ಟುನಿಟ್ಟಿನ ಮಾತು. ಬಝರ್ ಹೊಡೆಯುವುದಕ್ಕೇ ನಿಲ್ಲಿಸಿ. ಮೋಟಾರ್ ತಾನಾಗೇ ಆಫ್ ಆಗಲಿ ಅಂತ ಯಾರಾದರೂ ಹುಮ್ಮಸ್ಸಿನಲ್ಲಿ ರಿಲೇ (ಬೋರ್ಡ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್) ತಂದು 230 ವೋಲ್ಟ್ ಲೈನಿಗೆ ಕೈ ಹಾಕಿದರೆ ನೀನು ಬೇಡ ಅನ್ನು. ಒದ್ದೆ ಜಾಗ, ಮೊದಲ ವರ್ಷ, ಮೇಲೆ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಇಲ್ಲ. ಇದರಲ್ಲಿ ದಾಕ್ಷಿಣ್ಯ ಬೇಡ.

ಮೀಟಿಂಗ್‌ಗೆ ಬಾರದ ಹುಡುಗನ ಬಗ್ಗೆ ಗೈಡ್ ಹತ್ತಿರ ದೂರು ಹೇಳುವ ಮೊದಲು ಅವನನ್ನೇ ಒಂದು ಸಲ ಕೇಳು. ಕೆಲವರು ಸಂಜೆ ಐದರ ಬಸ್ಸು ತಪ್ಪಿದರೆ ಊರು ಸೇರುವುದು ರಾತ್ರಿ. ಅವನಿಗೆ ಮಧ್ಯಾಹ್ನ ಊಟದ ಹೊತ್ತು ಆಗಬಹುದು. ಚಿಕ್ಕ ಕೆಲಸ ಕೊಡು, ತಾರೀಖು ಹಾಕಿ ಕೊಡು. ಮೂರು ಅಂಗಡಿಯಲ್ಲಿ ಸೆನ್ಸರ್ ರೇಟ್ ವಿಚಾರಿಸಿಕೊಂಡು ಬಾ ಅನ್ನುವಂಥದ್ದು. ಅದನ್ನೂ ಮಾಡದಿದ್ದರೆ ಗೈಡ್‌ಗೆ ಹೇಳು, ಹಾಳೆ ತೋರಿಸಿ ಹೇಳು.

ಇನ್ನು ಪಿಪಿಟಿ. ಮಾಡು, ಬೇಡ ಅನ್ನಬೇಡ. ಆದರೆ ನಾಲ್ವರೂ ಮಾತಾಡಬೇಕು ಅಂತ ಷರತ್ತು ಹಾಕು. ಹಿಂದಿನ ದಿನದ ರಿಹರ್ಸಲ್‌ನಲ್ಲಿ ಒಬ್ಬರ ಭಾಗವನ್ನು ಇನ್ನೊಬ್ಬರು ವಿವರಿಸಲಿ. ಕೋಡ್ ಬರೆದವನು ಡಬ್ಬಿಯ ಬಗ್ಗೆ ಹೇಳಲಿ, ನೀನು ಕೋಡ್ ಬಗ್ಗೆ ಹೇಳು. ಯಾರಿಗೆ ಏನು ಅರ್ಥವಾಗಿಲ್ಲ ಅನ್ನುವುದು ಐದು ನಿಮಿಷದಲ್ಲಿ ಬಯಲಾಗುತ್ತದೆ. ಇಂಗ್ಲಿಷ್‌ಗೆ ಸುಮ್ನೆ ಹೆದರಬೇಡ. ಸಣ್ಣ ಸಣ್ಣ ವಾಕ್ಯ ಬರೆದುಕೋ. ವಾಚ್‌ಮನ್ ಹೇಳಿದ ಮಾತನ್ನು ಕನ್ನಡದಲ್ಲೇ ಒಂದು ಸ್ಲೈಡ್‌ಗೆ ಹಾಕು. ನಾನು ಪರೀಕ್ಷಕಿಯಾಗಿ ಬಂದಿದ್ದರೆ ಮೊದಲು ಪ್ರಶ್ನೆ ಕೇಳುವುದು ಆ ಸ್ಲೈಡ್ ಮೇಲೆ.

ಪ್ರಶ್ನೆ: ಮಗಳು ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ. ಮಾತು ಕಡಿಮೆ. ರಜೆಯಲ್ಲಿ 35 ಸಾವಿರ ಫೀಸಿನ ಸಾಫ್ಟ್ ಸ್ಕಿಲ್ಸ್ ಕೋರ್ಸ್‌ಗೆ ಸೇರಿಸೋಣ ಅಂತಿದ್ದೇವೆ. ಪ್ರಯೋಜನ ಇದೆಯಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ದುಡ್ಡು ಉಳಿಸಿಕೊಳ್ಳಿ. ಮಾತು ಕಡಿಮೆ ಇರುವುದು ಕಾಯಿಲೆ ಅಲ್ಲವಲ್ಲ! ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದರೆ ನಾಲ್ಕು ವರ್ಷದ ಡಿಗ್ರಿಗೆ 100 ಆ್ಯಕ್ಟಿವಿಟಿ ಪಾಯಿಂಟ್ ಹೇಗೂ ಗಳಿಸಬೇಕು. ಹಳ್ಳಿಯ ಸರ್ವೆ, ಶಾಲೆಯ ಕೆಲಸ, ಇಂಥವು. ಸರ್ಟಿಫಿಕೇಟ್‌ಗೆ ಸಹಿ ಹಾಕಿಸಿಕೊಂಡು ಮುಗಿಸುವವರೇ ಜಾಸ್ತಿ. ಅವಳು ಅದನ್ನೇ ನಿಜವಾಗಿ ಮಾಡಲಿ, ಗೊತ್ತಿಲ್ಲದ ಹತ್ತು ಮನೆಯ ಬಾಗಿಲು ತಟ್ಟಲಿ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಅನ್ನುವ, ದೇಶದ ಕಾಲೇಜು ವಿದ್ಯಾರ್ಥಿಗಳ ತಂತ್ರಜ್ಞಾನ ಸ್ಪರ್ಧೆಗೆ ಆರು ಜನರ ತಂಡದಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು ಅಂತ ನಿಯಮ ಇದೆ. ಸೀನಿಯರ್‌ಗಳು ಕರೆಯಲು ಬರುತ್ತಾರೆ. ಹೋಗಲಿ, ಆದರೆ ಲೆಕ್ಕ ಭರ್ತಿಗೆ ಹೋಗುವುದು ಬೇಡ. ‘ನನ್ನ ಕೆಲಸ ಯಾವುದು?’ ಅಂತ ಸೇರುವ ಮೊದಲೇ ಕೇಳಲಿ.

ಪ್ರಶ್ನೆ: ಪ್ರಾಜೆಕ್ಟ್ ಡೈರಿಗೆ ನಮ್ಮಲ್ಲಿ ಮಾರ್ಕ್ಸ್ ಇಲ್ಲ. ಆದರೂ ಬರೆಯಬೇಕಾ?
– ಎಸ್., ಗದಗ

ಉತ್ತರ: ಬರೆ. ತಾರೀಖು, ಏನು ಮಾಡಿ ನೋಡಿದೆ, ಅಳತೆ ಎಷ್ಟು ಬಂತು, ಯಾಕೆ ಬಿಟ್ಟೆ. ಪೆನ್ನಿನಲ್ಲೇ ಬರೆ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡು. ವೈಟ್ನರ್ ಬಳಿಯಬೇಡ. 200 ಪುಟದ ಲಾಂಗ್ ಬುಕ್ ಸಾಕು, ಗ್ರಾಫ್ ಹಾಳೆ ಬೇಕಾದ ಕಡೆ ಅಂಟಿಸಿಕೋ.